ತಾನಾಗಿ ಬಂದದ್ದು

ಮಗು ಬೇಕೆಂದು ಕಾಯುವ ಮನೆಗಳಲ್ಲಿ ಸೊಸೆ ಮುಟ್ಟಾದಳೆಂದರೆ ಎಲ್ಲರ ಮುಖ ಬಾಡುತ್ತದೆ. ನಮ್ಮ ಮನೆಯದು ಉಲ್ಟಾ. ಮಗು ಬೇಕೆಂದೇ ನಾವು ಮೂರೂ ಜನ ನನ್ನ ಮುಟ್ಟಿಗಾಗಿ ಕಾಯುತ್ತಿದ್ದೆವು. ಬೆಳಿಗ್ಗೆ ನಾನು ಬಚ್ಚಲಿನಿಂದ ಹೊರಗೆ ಬರುವುದೇ ತಡ, ಅತ್ತೆ ಅಡುಗೆಮನೆಯಿಂದ ಕತ್ತು ಚಾಚಿ "ಬಂತಾ?" ಎನ್ನುತ್ತಿದ್ದರು.

ಅತ್ತೆ ರೈಲು ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ತಲೆ ಬೆಳ್ಳಗೆ ಮಾಡಿಕೊಂಡವರು. ಜನ ಕಿಟಕಿಯೊಳಗೆ ಮೂಗು ತೂರಿಸಿ ದಿನವಿಡೀ ಅವರನ್ನು ಕೇಳುತ್ತಿದ್ದ ಪ್ರಶ್ನೆ ಅದೇ. ನಿವೃತ್ತಿಯಾದ ಮೇಲೆ ಅದನ್ನು ನನ್ನ ಕಡೆ ತಿರುಗಿಸಿದ್ದರು. ಇಲ್ಲ ಎಂದು ನಾನು ತಲೆಯಾಡಿಸಿದರೆ "ಲೇಟು ಅಷ್ಟೇ, ರದ್ದಾಗಿಲ್ಲ" ಎಂದು ಮತ್ತೆ ಒಲೆಯ ಕಡೆ ತಿರುಗುತ್ತಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲಿ. ಆ ಕಾರಣಕ್ಕೇ ಅವರು ನನ್ನನ್ನು ಮೆಣಸಿನಕಾಯಿ ಎಂದು ಕರೆಯುವುದು. ಆದರೆ ಈ ಮಾತಿಗೆ ಮಾತ್ರ ನಾನು ಯಾವತ್ತೂ ಸಿಡುಕಲಿಲ್ಲ. ಬೇರೆ ಯಾರೂ ನನ್ನ ವಿಷಯವನ್ನು ಅಷ್ಟು ಸಲೀಸಾಗಿ ಮಾತಾಡುತ್ತಿರಲಿಲ್ಲ.

ನನ್ನ ಕೆಲಸ ಒಂದು ಪಾರ್ಲರಿನಲ್ಲಿ. ಎರಡು ತಿರುಗುವ ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಹಿಂದೆ ಪರದೆ ಕಟ್ಟಿದ ಒಂದು ಮಂಚ, ಅದರಾಚೆ ಬಕೆಟ್ಟು ಇಟ್ಟರೆ ಕಾಲಿಡಲು ಜಾಗ ಸಾಲದ ಟಾಯ್ಲೆಟ್ಟು. ಒಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ, ಅವರಿಗಿಂತ ದೊಡ್ಡವರು ಕೂಡ. ನನ್ನದು ದಾರದ ಕೆಲಸ. ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಉಳಿದದ್ದನ್ನು ಬೆರಳುಗಳ ನಡುವೆ ಹುರಿ ಮಾಡಿ, ಹೆಂಗಸರ ಹುಬ್ಬು ತೀಡುವುದು, ಮೇಲ್ದುಟಿಯ, ಗದ್ದದ ಕೂದಲು ಕೀಳುವುದು. ಬಾಯಲ್ಲಿ ದಾರ ಇರುವಾಗ ನಾನು ಮಾತಾಡುವಂತಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಆ ತೊಂದರೆ ಇಲ್ಲ. ಮದುವೆಯಾಗಿ ಇಷ್ಟು ವರ್ಷವಾಯಿತಲ್ಲ, ಏನಾದರೂ ವಿಶೇಷ ಇದೆಯಾ ಎಂದು ಅವರು ಕೇಳುವುದೂ ಆಗಲೇ. ಅಂಥವರ ಹುಬ್ಬಿನ ಮೇಲೆ ನನ್ನ ದಾರ ಸ್ವಲ್ಪ ಜೋರಾಗಿಯೇ ಓಡುತ್ತಿತ್ತು. ಅಕ್ಕ ನೋಡಿಯೂ ನೋಡದವರಂತೆ ಇರುತ್ತಿದ್ದರು.

ತಮಾಷೆಯೆಂದರೆ, ಊರಿನವರ ಗದ್ದ ನುಣುಪು ಮಾಡುವ ನನ್ನ ಗದ್ದದಲ್ಲೇ ಕರಿ ಕೂದಲು ಹುಟ್ಟುತ್ತಿತ್ತು. ವಾರಕ್ಕೊಮ್ಮೆ ಬಾಗಿಲು ತೆರೆಯುವ ಮೊದಲು ಅಕ್ಕ ಶಟರ್ ಅರ್ಧ ಇಳಿಸಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕಿತ್ತುಹಾಕುತ್ತಿದ್ದರು. ಹಾಗೆ ಕೀಳುತ್ತಿದ್ದಾಗಲೇ ಒಮ್ಮೆ ಕೈ ನಿಲ್ಲಿಸಿ, ಇದು ಮೊದಲಿಗಿಂತ ದಪ್ಪಗೆ ಬರ್ತಿದೆ, ತಮ್ಮ ನಾದಿನಿಗೂ ಹೀಗೇ ಆಗಿತ್ತು, ಸುಮ್ಮನೆ ಕೂರಬೇಡ, ಡಾಕ್ಟರಿಗೆ ತೋರಿಸು ಎಂದರು. ನಾನು ತೋರಿಸಿದ್ದು ಅದಾಗಿ ಒಂದು ವರ್ಷದ ಮೇಲೆ. ಅಷ್ಟು ದಿನ ಯಾಕೆ ಬಿಟ್ಟೆ ಎಂದರೆ, ಹೆದರಿಕೆ. ಏನೂ ಗೊತ್ತಿಲ್ಲದಿದ್ದಾಗ ಈ ತಿಂಗಳಲ್ಲ ಮುಂದಿನ ತಿಂಗಳು ಆದೀತು ಎಂಬ ಆಸೆಗೆ ಅಡ್ಡಿಯಿರುವುದಿಲ್ಲ.

ಡಾಕ್ಟರಮ್ಮ ಸ್ಕ್ಯಾನಿಂಗ್ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಬೂದು ಬಣ್ಣದ ನಡುವೆ ಕಪ್ಪು ಕಪ್ಪು ಸಣ್ಣ ಗುಳ್ಳೆಗಳು ಸುತ್ತಲೂ ಕೂತಿದ್ದವು. ಇದಕ್ಕೆ ಪಿಸಿಒಎಸ್ ಅನ್ನುತ್ತಾರೆ ಎಂದರು. ತಿಂಗಳಿಗೊಂದು ಅಂಡ ಬಲಿತು ಹೊರಗೆ ಬರಬೇಕು. ನನ್ನಲ್ಲಿ ಎಲ್ಲವೂ ಅರ್ಧ ಬೆಳೆದು ಇದ್ದಲ್ಲೇ ಕೂತುಬಿಟ್ಟಿವೆ. ಗದ್ದದ ಕೂದಲಿಗೂ, ಏರುತ್ತಲೇ ಇದ್ದ ತೂಕಕ್ಕೂ, ನೆನಪಾದಾಗ ಬಂದು ಹೋಗುವ ಮುಟ್ಟಿಗೂ ಬೇರು ಒಂದೇ. ನನ್ನ ಪಕ್ಕದಲ್ಲಿ ಕೂತಿದ್ದ ಗಂಡ ಬಲಗಾಲಿನಿಂದ ನೆಲ ಒತ್ತುತ್ತಿದ್ದ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೇ ಜೀವ ಇಟ್ಟುಕೊಂಡು ದುಡಿಯುವವನು. ಹೆದರಿಕೆಯಾದರೆ ಸಿನಿಮಾ ನೋಡುವಾಗಲೂ ಅವನ ಕಾಲು ಹಾಗೇ ಒತ್ತುತ್ತದೆ.

"ಮಕ್ಕಳಾಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ," ಎಂದರು ಡಾಕ್ಟರಮ್ಮ. "ಕಷ್ಟ ಅಂತ ಹೇಳ್ತಿದ್ದೀನಿ. ತೂಕ ಇಳಿಸಿ, ಸಕ್ಕರೆ ಬಿಡಿ, ದಿನಾ ನಡೀರಿ, ಮಾತ್ರೆ ತಪ್ಪಿಸ್ಬೇಡಿ. ಮುಟ್ಟು ಬರೋಕೆ ಅಂತ ಕೊಟ್ಟ ಮಾತ್ರೆ ಇಲ್ಲದೇನೇ, ಅದು ತಾನಾಗಿ ಬಂತು ಅಂದ್ರೆ, ದೇಹ ದಾರಿಗೆ ಬರ್ತಿದೆ ಅಂತ. ಆವತ್ತು ನಂಗೆ ಫೋನ್ ಮಾಡಿ."

ತಡವಾದಾಗ ಒಮ್ಮೊಮ್ಮೆ ಗರ್ಭಿಣಿಯೇ ಎಂದು ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುತ್ತಿರಿ ಎಂದೂ ಹೇಳಿದ್ದರು. ಆದರೆ ನಮ್ಮ ಮೂವರ ತಲೆಯಲ್ಲಿ ಅಚ್ಚೊತ್ತಿದ್ದು ಮೊದಲಿನ ಮಾತು. ಅದು ತಾನಾಗಿ ಬರಬೇಕು. ಬಂದರೆ ಗೆದ್ದೆವು.

ಮನೆಯಲ್ಲಿ ಸಕ್ಕರೆಗೆ ಬಹಿಷ್ಕಾರ ಬಿತ್ತು. ನನ್ನೊಬ್ಬಳಿಗಲ್ಲ, ಮೂವರಿಗೂ. ಅತ್ತೆಯೇ ಸಕ್ಕರೆ ಡಬ್ಬಿಯನ್ನು ಟ್ರಂಕಿನೊಳಗಿಟ್ಟು ಬೀಗ ಹಾಕಿ ಕೀಲಿ ತಮ್ಮ ಹತ್ತಿರ ಇಟ್ಟುಕೊಂಡರು. ಸಪ್ಪೆ ಚಹಾ ಕುಡಿದು ಮಗ ಮುಖ ಹುಳ್ಳಗೆ ಮಾಡಿದರೆ, ಒಂಬತ್ತು ತಿಂಗಳು ಹೊರುವುದನ್ನೇನೂ ನಿನಗೆ ಹೇಳಿಲ್ಲವಲ್ಲ, ಸುಮ್ಮನೆ ಕುಡಿ ಎಂದು ಗದರುತ್ತಿದ್ದರು. ಬೆಳಗಾದರೆ ಅತ್ತೆಸೊಸೆ ಇಬ್ಬರೂ ವಾಕಿಂಗ್ ಹೊರಡುತ್ತಿದ್ದೆವು. ಅವರಿಗೆ ಮಂಡಿನೋವು; ತಿರುವಿನ ಹತ್ತಿರದ ಕಟ್ಟೆಯವರೆಗೆ ಬಂದು ಅಲ್ಲಿ ಕೂತುಬಿಡುತ್ತಿದ್ದರು. ನಾನು ದೊಡ್ಡ ರಸ್ತೆ ಸುತ್ತಿ, ಗ್ಯಾರೇಜು ದಾಟಿ ತಿರುಗಿ ಬರುವಾಗ ಅಲ್ಲಿಂದಲೇ ಕೈಬೀಸಿ ಇನ್ನೊಂದು ಸುತ್ತು ಎಂದು ಸನ್ನೆ ಮಾಡುತ್ತಿದ್ದರು. ನಾನು ಒಳಗೊಳಗೇ ಬೈದುಕೊಂಡು ಇನ್ನೊಂದು ಸುತ್ತು ಹಾಕುತ್ತಿದ್ದೆ. ಬಟ್ಟೆಗಳು ಸಡಿಲವಾಗತೊಡಗಿದವು.

ಪರೀಕ್ಷೆಯ ಕಡ್ಡಿಗಳ ಕಥೆ ಬೇರೆ. ಮೊದಮೊದಲು ಗಂಡ ಅವನ್ನು ತಂದು ಕಪಾಟಿನಲ್ಲಿ ಜೋಡಿಸಿಡುತ್ತಿದ್ದ. ನಾನು ಒಳಗೆ, ಅವನು ಬಾಗಿಲ ಹೊರಗೆ. ಪ್ರತಿ ಸಲವೂ ಒಂದೇ ಗೆರೆ. ನಾನು ಹೊರಗೆ ಬಂದು ಏನೂ ಹೇಳಬೇಕಾಗಿರಲಿಲ್ಲ, ಅವನು ಮುಖ ನೋಡಿಯೇ "ಹೋಗ್ಲಿ ಬಿಡು" ಎನ್ನುತ್ತಿದ್ದ. ಆ ಹೋಗ್ಲಿ ಬಿಡು ಕೇಳಿ ಕೇಳಿ ನನಗೆ ರೋಸಿಹೋಯಿತು. ಇನ್ನೊಂದು ಸಲ ಆ ಕಡ್ಡಿ ಈ ಮನೆಯೊಳಗೆ ಬಂದರೆ ಕಡ್ಡಿಯನ್ನೂ ತಂದವರನ್ನೂ ಒಟ್ಟಿಗೆ ಆಚೆ ಹಾಕುತ್ತೇನೆ ಎಂದೆ. ಅವನು ನಕ್ಕ. ಆಮೇಲೆ ತರಲಿಲ್ಲ. ನನಗೆ ನೆಮ್ಮದಿಯಾಯಿತು. ಹಿಂದಿಲ್ಲ ಮುಂದಿಲ್ಲ, ಮುಟ್ಟು ಬಂದರೆ ಸಾಕು, ಉಳಿದದ್ದು ಆಮೇಲೆ ಎಂದು ಮನಸ್ಸನ್ನು ಒಂದೇ ಕಡೆ ಕಟ್ಟಿಹಾಕಿಕೊಂಡೆ.

ಹೀಗಿರುವಾಗ ನನಗೆ ಹೊಟ್ಟೆ ತೊಳಸತೊಡಗಿತು. ಡಾಕ್ಟರಮ್ಮ ಮೊದಲೇ ಹೇಳಿದ್ದರು, ಸಕ್ಕರೆ ಕಾಯಿಲೆಯವರಿಗೆ ಕೊಡುವ ಮಾತ್ರೆಯನ್ನೇ ನಿಮಗೂ ಕೊಡುತ್ತಿದ್ದೇನೆ, ವಾಕರಿಕೆ ಬರಬಹುದು ಎಂದು. ಬಂತು, ಸರಿ. ಸಂಜೆಗೆ ಮೈ ನಜ್ಜುಗುಜ್ಜಾಗಿ ಕೂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು; ಬೆಳಿಗ್ಗೆ ಅಷ್ಟು ನಡೆದರೆ ಇನ್ನೇನಾಗುತ್ತದೆ ಎಂದರು ಅತ್ತೆ. ಎದೆ ಮುಟ್ಟಿದರೆ ನೋವು. ಮುಟ್ಟು ಹತ್ತಿರ ಬಂತು ಅನ್ನುವುದಕ್ಕೆ ಅದೇ ಗುರುತು ಎಂದರು ಅಕ್ಕ. ಮುಟ್ಟು ಬಂದಿರಲಿಲ್ಲ, ಆದರೆ ಅದು ಬಾರದಿರುವುದು ನಮ್ಮ ಮನೆಗೆ ಹೊಸದಲ್ಲ. ಬೇರೆ ಯಾವ ಹೆಂಗಸಾದರೂ ಇವುಗಳಲ್ಲಿ ಒಂದಕ್ಕೇ ಕುಣಿದಾಡುತ್ತಿದ್ದಳು. ನನ್ನ ಹತ್ತಿರ ಪ್ರತಿಯೊಂದಕ್ಕೂ ಉತ್ತರ ಸಿದ್ಧವಾಗಿತ್ತು. ಕಾಯಿಲೆಯನ್ನು ಅಷ್ಟು ಚೆನ್ನಾಗಿ ಕಲಿತುಕೊಂಡಿದ್ದೆ.

ಅದು ಬಂದ ದಿನ ನಾನು ಒಬ್ಬ ಮೇಷ್ಟ್ರ ಹೆಂಡತಿಯ ಹುಬ್ಬು ಮಾಡುತ್ತಿದ್ದೆ. ಒಂದು ಹುಬ್ಬು ಮುಗಿದು ಇನ್ನೊಂದಕ್ಕೆ ಕೈ ಹಾಕಿದ್ದೆನಷ್ಟೇ, ಸೊಂಟದಿಂದ ಕೆಳಗೆ ಯಾರೋ ಹಿಂಡಿದಂತಾಯಿತು. ಕಾಲಿನ ನಡುವೆ ಬಿಸಿ ಇಳಿಯಿತು. ದಾರವನ್ನು ಬಾಯಿಂದ ತೆಗೆದು, ಒಂದು ನಿಮಿಷ ಎಂದು ಹೇಳಿ ಹಿಂದಿನ ಟಾಯ್ಲೆಟ್ಟಿಗೆ ಓಡಿದೆ. ಕೆಂಪು. ಬೆರಳಿಗೆ ಹತ್ತಿದ ಆ ಕೆಂಪನ್ನು ಬೆಳಕಿಗೆ ಹಿಡಿದು ನೋಡಿದೆ. ಮಾತ್ರೆ ನುಂಗಿ ಬರಿಸಿದ್ದಲ್ಲ, ತಾನಾಗಿ ಬಂದದ್ದು. ಕಣ್ಣಲ್ಲಿ ನೀರು ಬಂತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಹೊರಗೆ ಬಂದು ಅಕ್ಕನ ಕಿವಿಯಲ್ಲಿ ಹೇಳಿದೆ. ಅವರು ನನ್ನನ್ನು ತಬ್ಬಿಕೊಂಡೇಬಿಟ್ಟರು. ಒಂದು ಹುಬ್ಬು ದಪ್ಪ, ಒಂದು ಸಣ್ಣ ಮಾಡಿಕೊಂಡು ಮೇಷ್ಟ್ರ ಹೆಂಡತಿ ಕನ್ನಡಿಯಲ್ಲಿ ನಮ್ಮನ್ನು ಪಿಳಿಪಿಳಿ ನೋಡುತ್ತಿದ್ದಳು. ಡಾಕ್ಟರಮ್ಮನ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ ಸುದ್ದಿ ತಲುಪಿಸುತ್ತೇನೆ, ಮೊದಲೇ ಹೇಳಿದ್ದ ದಿನಕ್ಕೇ ಬನ್ನಿ, ಸಾಕು ಎಂದಳು. ಗಂಡನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಎಲ್ ಬೋರ್ಡಿನ ಕಾರು ತಡವರಿಸುತ್ತ ಬಂದು ಪಾರ್ಲರಿನ ಎದುರು ನಿಂತಿತು. ಕಲಿಯಲು ಬಂದ ಹೆಂಗಸೇ ಓಡಿಸುತ್ತಿದ್ದಳು, ಬೆವೆತು ನೀರಾಗಿದ್ದಳು. ಪಕ್ಕದಲ್ಲಿ ಕೂತ ನನ್ನ ಗಂಡ ಕೈ ಚಾಚಿ, ಮದುವೆ ದಿಬ್ಬಣದ ಕಾರಿನವನ ಹಾಗೆ ಉದ್ದಕ್ಕೆ ಹಾರ್ನ್ ಹೊಡೆದ. ಮತ್ತೆ ಹೊಡೆದ. ಬೀದಿಯವರೆಲ್ಲ ತಿರುಗಿ ನೋಡಿದರು. ಕಿಟಕಿಯಿಂದ ಪ್ಯಾಡಿನ ಪ್ಯಾಕೆಟ್ಟು ನನ್ನ ಕೈಗೆ ಕೊಟ್ಟು, ಬಾಯಿ ಕಿವಿಯವರೆಗೆ ಹಿಗ್ಗಿಸಿಕೊಂಡು ಹೊರಟುಹೋದ.

ಸಂಜೆ ಮನೆಗೆ ಹೋದರೆ ಸಿಹಿಯ ಘಮ. ಅತ್ತೆ ಟ್ರಂಕಿನ ಬೀಗ ತೆಗೆದಿದ್ದರು. ಇವತ್ತೊಂದು ದಿನ ಡಾಕ್ಟರಮ್ಮನ ಕಾನೂನು ನಡೆಯುವುದಿಲ್ಲ ಎಂದು ನನ್ನ ಬಾಯಿಗೆ ತಾವೇ ಮೊದಲ ತುತ್ತು ಇಟ್ಟರು. "ನಾನು ಹೇಳಿರ್ಲಿಲ್ವಾ, ಲೇಟು ಅಷ್ಟೇ ಅಂತ." ಒಂದು ಡಬ್ಬಿ ತುಂಬಿಸಿ ಮಗನ ಕೈಯಲ್ಲಿ ಪಾರ್ಲರಿನ ಅಕ್ಕನ ಮನೆಗೆ ಕಳಿಸಿದರು, ಇನ್ನೊಂದು ಎದುರು ಮನೆಗೆ. ಯಾಕೆಂದು ಕೇಳಿದವರಿಗೆ ಏನು ಹೇಳಿದರೋ ನಾನು ಕೇಳಲಿಲ್ಲ. ಹೊಟ್ಟೆ ನೋಯುತ್ತಿತ್ತು. ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ. ಎಷ್ಟು ತಿಂಗಳದ್ದು ಒಳಗೆ ಸೇರಿಕೊಂಡಿದೆಯೋ, ಎಲ್ಲ ಒಟ್ಟಿಗೆ ಬರುವಾಗ ನೋಯದೆ ಇರುತ್ತದೆಯೇ ಎಂದರು ಅತ್ತೆ. ಬಿಸಿನೀರಿನ ಬಾಟಲಿಗೆ ಟವೆಲ್ಲು ಸುತ್ತಿ ಕೊಟ್ಟರು.

ಮರುದಿನ ಬೆಳಿಗ್ಗೆ ನೋವು ತಡೆಯಲಾರದಷ್ಟಾಯಿತು. ಕಮೋಡಿನ ಮೇಲೆ ಕೂತು ಗೋಡೆಗೆ ಹಣೆ ಒತ್ತಿ ಹಿಡಿದಿದ್ದೆ. ಏನೋ ಒಂದು ಜಾರಿ ಬಿತ್ತು, ಒಡನೆಯೇ ನೋವು ಇಳಿಯಿತು. ಎದ್ದು ನೋಡಿದೆ. ರಕ್ತದ ಗಡ್ಡೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಇದು ಹಾಗಿರಲಿಲ್ಲ. ಬೂದು ಬಿಳುಪಿನ ಪೊರೆಯಂಥದು, ನೀರಿನಲ್ಲಿ ಒಂದು ಕಡೆ ಸರಿದು ನಿಂತಿತ್ತು. ಎಷ್ಟು ದಿನದಿಂದ ಕಟ್ಟಿಕೊಂಡಿತ್ತೋ ಎಂದುಕೊಂಡೆ. ಪೀಡೆ ತೊಲಗಿತು ಎಂದೂ ಅಂದುಕೊಂಡೆ. ಗುಂಡಿ ಒತ್ತಿ ನೀರು ಬಿಟ್ಟೆ, ಮುಖ ತೊಳೆದೆ, ಪಾರ್ಲರಿಗೆ ಹೊರಟೆ.

ರಕ್ತ ನಿಲ್ಲಲಿಲ್ಲ. ಒಂದು ವಾರ ದಾಟಿದರೂ ಹೋಗುತ್ತಲೇ ಇತ್ತು. ನಮಗೆ ಆಗಲೂ ಹೆದರಿಕೆಯಾಗಲಿಲ್ಲ. ಬಾರದೆ ಬಾರದೆ ಬಂದದ್ದು, ಬರಲಿ ಬಿಡು ಎಂದುಕೊಂಡೆವು. ಕೊನೆಗೆ ಕುರ್ಚಿಯಲ್ಲಿದ್ದವರ ಮುಖದ ಮೇಲೆಯೇ ನಾನು ವಾಲಿದಾಗ ಅಕ್ಕ ನನ್ನ ಕೈಯಿಂದ ದಾರ ಕಿತ್ತುಕೊಂಡು, ಗಂಡನಿಗೆ ತಾವೇ ಫೋನ್ ಮಾಡಿದರು.

ಕ್ಲಿನಿಕ್ಕಿನಲ್ಲಿ ನರ್ಸ್ ಮೊದಲು ಮೂತ್ರ ತರಲು ಹೇಳಿದಳು. ತಂದು ಕೊಟ್ಟೆ. ಅವಳು ಅದರಲ್ಲಿ ಕಡ್ಡಿ ಅದ್ದಿ ಟ್ರೇಯಲ್ಲಿಟ್ಟು ಬೇರೆ ಯಾರನ್ನೋ ಕರೆಯಲು ಹೋದಳು. ಆ ಕಡ್ಡಿಯನ್ನು ನನಗೆ ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ. ಮೊದಲ ಗೆರೆ ಮೂಡಿತು. ಅದು ಯಾವಾಗಲೂ ಮೂಡುವುದೇ. ನೋಡುತ್ತಿದ್ದಂತೆ ಅದರ ಪಕ್ಕದಲ್ಲಿ ಇನ್ನೊಂದು ಗೆರೆ ತೆಳ್ಳಗೆ ಕಾಣಿಸಿಕೊಂಡು, ನಿಧಾನವಾಗಿ ಗಟ್ಟಿಯಾಯಿತು.

ನಾನು ಗಂಡನ ತೋಳು ಹಿಡಿದೆ. ಅವನೂ ನೋಡಿದ. ಇಬ್ಬರೂ ಬಾಯಿ ಬಿಡಲಿಲ್ಲ, ಬಿಟ್ಟರೆ ಎಲ್ಲಿ ಅಳಿಸಿಹೋಗುತ್ತದೋ ಎಂಬಂತೆ. ನರ್ಸ್ ಬಂದು ಟ್ರೇ ತೆಗೆದುಕೊಂಡು, ಒಳಗೆ ಸ್ಕ್ಯಾನಿಂಗಿಗೆ ಬನ್ನಿ ಎಂದಳು. ಆ ಕೋಣೆಯಿಂದ ಈ ಕೋಣೆಗೆ ಹೋಗುವ ಸಣ್ಣ ಓಣಿಯಲ್ಲಿ, ಗೋಡೆ ಹಿಡಿದುಕೊಂಡು ನಡೆಯುತ್ತ, ನಾನು ತಾಯಿಯಾಗಿದ್ದೆ. ಗಂಡ ಬೆನ್ನ ಹಿಂದಿನಿಂದ "ಮೆಲ್ಲಗೆ ಕಣೇ, ಮೆಲ್ಲಗೆ" ಎನ್ನುತ್ತಿದ್ದ.

ಡಾಕ್ಟರಮ್ಮ ಬಹಳ ಹೊತ್ತು ಪರದೆಯನ್ನೇ ನೋಡಿದರು. ಈ ಸಲ ಅದನ್ನು ನಮ್ಮ ಕಡೆ ತಿರುಗಿಸಲಿಲ್ಲ. ಯಾವಾಗ ಶುರುವಾಯಿತು, ಎಷ್ಟು ಹೋಯಿತು, ಗಡ್ಡೆಯಂಥದು ಏನಾದರೂ ಬಿತ್ತೇ ಎಂದು ಕೇಳಿದರು. ಬಿತ್ತು ಎಂದೆ. ಅವರು ಕೈಯಲ್ಲಿದ್ದ ಸಾಧನವನ್ನು ಕೆಳಗಿಟ್ಟು, ನನ್ನ ಹೊಟ್ಟೆಯ ಮೇಲಿನ ಅಂಟನ್ನು ತಾವೇ ಒರೆಸಿದರು.

"ಇತ್ತು," ಎಂದರು. "ಎರಡು ತಿಂಗಳ ಆಸುಪಾಸಿಂದು. ಈಗಿಲ್ಲ. ನೀವು ಮುಟ್ಟು ಅಂದ್ಕೊಂಡಿದ್ದು ಮುಟ್ಟಲ್ಲಮ್ಮ, ಗರ್ಭ ಹೋಗಿದ್ದು. ಅದರದೇ ಚೂರು ಇನ್ನೂ ಒಳಗಿದೆ, ಅದಕ್ಕೇ ರಕ್ತ ನಿಂತಿಲ್ಲ."

ಎರಡು ಗೆರೆ ಬಂತಲ್ಲ ಎಂದು ಗಂಡ ಕೇಳಿದ. ಹೋದ ಮೇಲೂ ಕೆಲವು ವಾರ ಹಾಗೆ ತೋರಿಸುತ್ತದೆ ಎಂದರು. ಅವನ ಬಲಗಾಲು ನೆಲವನ್ನು ಒತ್ತಿಯೇ ಇತ್ತು.

"ಅವತ್ತೇ ಕರ್ಕೊಂಡು ಬಂದಿದ್ರೆ?" ಎಂದ.

"ಉಳೀತಿರ್ಲಿಲ್ಲ. ರಕ್ತ ಕಾಣೋ ಹೊತ್ತಿಗೆ ಬಹುಶಃ ಮುಗಿದುಹೋಗಿತ್ತು." ಡಾಕ್ಟರಮ್ಮ ಕನ್ನಡಕ ತೆಗೆದರು. "ನಿಮ್ಮ ಸುದ್ದಿ ನಂಗೂ ಬಂದಿತ್ತು. ನಾನೂ ಒಳ್ಳೇದಾಯ್ತು ಅಂತಲೇ ಅಂದ್ಕೊಂಡೆ. ಒಂದು ಪರೀಕ್ಷೆ ಮಾಡಿಸಿ ಅಂತ ಹೇಳಿ ಕಳಿಸ್ಬೇಕಿತ್ತು."

ಆಮೇಲೆ ಅವರು ಗರ್ಭ ನಿಂತಿತ್ತು ಅನ್ನುವುದನ್ನು ಮರೆಯಬೇಡಿ, ಒಮ್ಮೆ ನಿಂತದ್ದು ಮತ್ತೆ ನಿಲ್ಲಬಹುದು ಎಂದೆಲ್ಲ ಹೇಳಿದರು. ನಿಜವೇ ಇರಬೇಕು. ನನಗೆ ಆ ಹೊತ್ತಿನಲ್ಲಿ ಅವರ ಬಾಯಿ ಆಡುವುದು ಕಾಣುತ್ತಿತ್ತು, ಅಷ್ಟೇ. ಎರಡು ತಿಂಗಳು ನನ್ನ ಮಗು ನನ್ನೊಳಗಿತ್ತು. ಅದು ಇದೆಯೆಂದು ಬಗೆಬಗೆಯಾಗಿ ಹೇಳಿತ್ತು. ನಾನು ಪ್ರತಿ ಸಲವೂ ಅದನ್ನು ಮಾತ್ರೆ ಎಂದೆ, ವಾಕಿಂಗ್ ಎಂದೆ, ಮುಟ್ಟು ಎಂದೆ. ಯಾರಿಗಾಗಿ ಇಡೀ ಮನೆ ಕಾದಿತ್ತೋ, ಅದು ಬಂದಾಗ ಒಬ್ಬರೂ ಗುರುತು ಹಿಡಿಯಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಗಂಡ ಕೀಲಿ ತಿರುಗಿಸಲಿಲ್ಲ. ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು, ನಡುವೆ ಇರುವ ಹಾರ್ನಿನ ಗುರುತನ್ನೇ ನೋಡುತ್ತಿದ್ದ.

"ನಾನು ಹಾರ್ನ್ ಹೊಡೆದೆ ಕಣೇ," ಎಂದ.

ಅವನನ್ನು ಸಮಾಧಾನ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಬಿಡಿ ರೀ, ಮನೆಗೆ ಹೋಗೋಣ ಎಂದೆ. ದಾರಿಯುದ್ದಕ್ಕೂ, ಅಡ್ಡ ಬಂದ ಸೈಕಲ್ಲಿನವನಿಗೂ, ಅವನು ಹಾರ್ನ್ ಮಾಡಲಿಲ್ಲ.

ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೇ ಬಂತು. ಮಗ ಚಪ್ಪಲಿ ಬಿಟ್ಟವನೇ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅತ್ತೆ ಊಟದ ಮೇಜಿನ ಹತ್ತಿರ ಕೂತು ನನ್ನನ್ನೇ ನೋಡುತ್ತಿದ್ದರು. ಮೇಜಿನ ಮೇಲೆ ಸಿಹಿಯ ಡಬ್ಬಿ ಇತ್ತು. ಎದುರು ಮನೆಯವರು ತೊಳೆದು ವಾಪಸ್ಸು ಕಳಿಸಿದ್ದು. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದೆ. ಅತ್ತೆ ಅಳುತ್ತಾರೆ ಎಂದುಕೊಂಡಿದ್ದೆ, ಇಲ್ಲವೇ ಡಾಕ್ಟರಮ್ಮನನ್ನು ಬೈಯುತ್ತಾರೆ ಎಂದು. ಎರಡೂ ಮಾಡಲಿಲ್ಲ.

"ಎಲ್ಲಿ ಹೋಯ್ತು ಅದು?" ಎಂದು ಕೇಳಿದರು.

ಗಂಡನಿಗೂ ಹೇಳದೆ ನುಂಗಿಕೊಂಡಿದ್ದ ಮಾತು ಅದು. ಅವರ ಮುಂದೆ ಬಾಯಿಂದ ಬಂದುಬಿಟ್ಟಿತು. "ಬಚ್ಚಲಲ್ಲಿ. ಮಾರನೇ ದಿನ ಬೆಳಿಗ್ಗೆ. ನಾನು ನೋಡಿದೆ ಅತ್ತೆ. ನೋಡಿಯೇ ನೀರು ಬಿಟ್ಟೆ."

ಅತ್ತೆ ಡಬ್ಬಿಯ ಮುಚ್ಚಳವನ್ನು ತೆಗೆದರು, ಹಾಕಿದರು, ಮತ್ತೆ ತೆಗೆದರು. ಆಮೇಲೆ ಎದ್ದು ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. ಅವರ ಹೊಟ್ಟೆ ನಡುಗುತ್ತಿತ್ತು. ಮೇಲೆ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಈ ವಿಷಯ ಅವನ ಕಿವಿಗೆ ಹಾಕಬೇಡ ಎಂದು ಮಾತ್ರ ಅಂದರು.

ಒಳಗೆ ಉಳಿದದ್ದನ್ನು ಮಾತ್ರೆ ಕೊಟ್ಟು ತೆಗೆದರು. ಒಂದಷ್ಟು ದಿನ ಮಲಗಿದ್ದೆ, ಆಮೇಲೆ ಕೆಲಸಕ್ಕೆ ಹೋದೆ. ಅಕ್ಕ ಶಟರ್ ಅರ್ಧ ಇಳಿಸಿ ನನ್ನ ಗದ್ದ ಮಾಡಿದರು. ಇಬ್ಬರ ಕಣ್ಣಲ್ಲೂ ನೀರಿತ್ತು, ಕೂದಲು ಕಿತ್ತರೆ ಬರುವ ನೀರೇ ಅದು ಎಂದು ಇಬ್ಬರೂ ನಟಿಸಿದೆವು. ಆ ಮಧ್ಯಾಹ್ನವೇ ಹಳೆಯ ಗಿರಾಕಿಯೊಬ್ಬರು ಕಣ್ಣು ಮುಚ್ಚಿ ಕೂತು, ಏನಮ್ಮ, ಇನ್ನೂ ವಿಶೇಷ ಏನಿಲ್ವಾ ಎಂದರು. ನಾನು ಬಾಯಿಂದ ದಾರ ತೆಗೆದೆ.

"ಇತ್ತು," ಎಂದೆ. "ಹೋಯ್ತು."

ಅವರು ಕಣ್ಣು ತೆರೆಯಲಿಲ್ಲ. ನಾನು ದಾರವನ್ನು ಮತ್ತೆ ಹಲ್ಲಿಗೆ ಸಿಕ್ಕಿಸಿಕೊಂಡು ಹುಬ್ಬು ಮುಗಿಸಿದೆ. ಆ ಸಲ ಜೋರಾಗಿ ಎಳೆಯಬೇಕೆಂದೂ ಅನ್ನಿಸಲಿಲ್ಲ.

ಮನೆಯಲ್ಲಿ ಎಲ್ಲ ಮೊದಲಿನಂತೆ ಶುರುವಾಯಿತು. ಸಕ್ಕರೆ ಡಬ್ಬಿ ಟ್ರಂಕಿಗೆ ಹೋಯಿತು. ಬೆಳಗಿನ ವಾಕಿಂಗ್, ತಿರುವಿನ ಕಟ್ಟೆ, ಇನ್ನೊಂದು ಸುತ್ತಿನ ಸನ್ನೆ. ಗಂಡ ನನ್ನನ್ನು ಕೇಳದೆಯೇ ಕಡ್ಡಿಗಳನ್ನು ತಂದು ಕಪಾಟಿನಲ್ಲಿಟ್ಟ, ನಾನು ಏನೂ ಅನ್ನದೆ ವಾರವಾರವೂ ನೋಡಿಕೊಳ್ಳುತ್ತಿದ್ದೆ. ಒಂದೇ ಗೆರೆ. ಅವನು ಈಗ ಹೋಗ್ಲಿ ಬಿಡು ಎನ್ನುವುದಿಲ್ಲ. ಅತ್ತೆಯೂ "ಬಂತಾ?" ಎಂದು ಕೇಳುವುದನ್ನು ಬಿಟ್ಟರು. ನಾನು ಬಚ್ಚಲಿನಿಂದ ಹೊರಗೆ ಬಂದಾಗ ಅವರು ಒಲೆಯ ಕಡೆ ಮುಖ ಮಾಡಿಕೊಂಡೇ ಇರುತ್ತಿದ್ದರು. ಬಾಯಿ ತುಂಬ ಕೇಳುತ್ತಿದ್ದ ಮನೆಯಲ್ಲಿ ಯಾರೂ ಯಾರನ್ನೂ ಏನೂ ಕೇಳದಿರುವುದು ನನಗೆ ಕಿವುಡು ಬಂದಂತೆ ಇತ್ತು. ಎಷ್ಟೋ ಸಲ ನಾನೇ ಬಾಗಿಲಲ್ಲಿ ಒಂದು ಕ್ಷಣ ನಿಂತು ನೋಡುತ್ತಿದ್ದೆ, ಕೇಳುತ್ತಾರೇನೋ ಎಂದು.

ಒಂದು ಬೆಳಿಗ್ಗೆ ಅದು ಬಂತು. ಮತ್ತೆ ತಾನಾಗಿಯೇ. ಕಮೋಡಿನಲ್ಲಿ ಕೆಂಪು ನೀರು. ಹಿಂದಿನ ದಿನವಷ್ಟೇ ಕಡ್ಡಿಯಲ್ಲಿ ನೋಡಿಕೊಂಡಿದ್ದೆ, ಒಂದೇ ಗೆರೆ ಇತ್ತು. ಇದು ಮುಟ್ಟೇ. ಗೊತ್ತಿತ್ತು. ಡಾಕ್ಟರಮ್ಮನಿಗೆ ಫೋನ್ ಮಾಡಿ ಹೇಳಬೇಕಾದ ಒಳ್ಳೆಯ ಸುದ್ದಿ. ನಾನು ಎದ್ದು ನಿಂತು ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಬಗ್ಗಿ ನೋಡಿದೆ. ಕೆಂಪಿನೊಳಗೆ ಒಂದು ಕಡೆ ಏನೋ ಗಟ್ಟಿಯಾಗಿ ಕಂಡಿತು, ಇನ್ನೊಮ್ಮೆ ನೋಡಿದರೆ ಇರಲಿಲ್ಲ. ಮತ್ತೆ ಬೆರಳಿಟ್ಟೆ. ಹೊರಗೆ ಗಂಡ ಕೆಲಸಕ್ಕೆ ಹೊರಟ ಸದ್ದು, ಗೇಟು ಹಾಕಿದ ಸದ್ದು ಕೇಳಿತು. ಅಲ್ಲಿಯವರೆಗೆ ಹಾಗೇ ನಿಂತಿದ್ದೆ.

"ಅತ್ತೆ," ಎಂದು ಕೂಗಿದೆ. "ಸ್ವಲ್ಪ ಬನ್ನಿ ಇಲ್ಲಿ."

ಅವರು ಕೈ ಒರೆಸಿಕೊಳ್ಳುತ್ತ ಬಂದರು. ನನ್ನ ಮುಖ ನೋಡಿದರು, ನನ್ನ ಬೆರಳು ಇದ್ದಲ್ಲಿ ನೋಡಿದರು. ವಾಪಸ್ಸು ಹೋಗಿ ಕನ್ನಡಕ ಹಾಕಿಕೊಂಡು ಬಂದರು. ಗೋಡೆ ಹಿಡಿದುಕೊಂಡು, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು ಊರಿ, ಒದ್ದೆ ನೆಲದ ಮೇಲೆ ಕೂತರು. ಎರಡು ಮೆಟ್ಟಿಲು ಹತ್ತಲು ನರಳುವ ಹೆಂಗಸು. ಕಮೋಡಿನ ಅಂಚಿಗೆ ಎರಡೂ ಕೈ ಊರಿ, ಬಗ್ಗಿ, ಅಕ್ಕಿಯಲ್ಲಿ ಕಲ್ಲು ಹುಡುಕುವಷ್ಟು ಹತ್ತಿರದಿಂದ ನೋಡಿದರು. ಬಹಳ ಹೊತ್ತು ನೋಡಿದರು.

"ಇಲ್ಲ ಮಗಳೇ," ಎಂದರು. "ಯಾರೂ ಇಲ್ಲ. ಬರೀ ರಕ್ತ."

"ಸರಿಯಾಗಿ ನೋಡಿದ್ರಾ ಅತ್ತೆ?"

"ನೋಡಿದೆ."

ಆದರೂ ನನ್ನ ಕೈ ಏಳಲಿಲ್ಲ. ಅವರು ನನ್ನ ತೋಳು ಹಿಡಿದು ಎದ್ದರು, ನನ್ನನ್ನು ಮೆಲ್ಲಗೆ ಹೊರಗೆ ನೂಕಿ, ಒಳಗಿನಿಂದ ಬಾಗಿಲು ಹಾಕಿಕೊಂಡರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಒಳಗೆ ನೀರು ಬಿದ್ದ ಸದ್ದಾಯಿತು. ಆ ಸದ್ದು ಪೂರ್ತಿ ನಿಂತ ಮೇಲೂ ಅತ್ತೆ ಬಹಳ ಹೊತ್ತು ಹೊರಗೆ ಬರಲಿಲ್ಲ.